ಅಪ್ಪನ ‘ಪರವಾಗಿಲ್ಲ’

ಸಕಾಯ್, ಒಸಾಕಾ
ಮಾರ್ಚ್ ೯, ಸೋಮವಾರ, ಕ್ಷೌರದಂಗಡಿಗೆ ರಜೆ

ಪ್ರೀತಿಯ ಚಿಹಾರು,

ಹೇಗಿದ್ದೀಯ ಮಗಳೇ? ಸುಗಿ ಮರಗಳು ಹೂಧೂಳು ಚೆಲ್ಲುವ ಕಾಲ ಬಂತು, ನಿನ್ನ ಮೂಗು ಸೋರಲು ಶುರುವಾಗಿರುತ್ತದೆ. ಮಾಸ್ಕ್ ಇಲ್ಲದೆ ಹೊರಗೆ ಹೋಗಬೇಡ, ಮಲಗುವಾಗ ಹೊಟ್ಟೆಗೆ ಉಣ್ಣೆಪಟ್ಟಿ ಸುತ್ತಿಕೋ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿಮ್ಮಪ್ಪ ಗಟ್ಟಿಮುಟ್ಟಾಗಿದ್ದಾರೆ, ಬಾಯಿಗೆ ಮಾತ್ರ ಎಂದಿನ ಕಾಯಿಲೆ. ಶನಿವಾರ ನೀನು ಫೋನಿನಲ್ಲಿ, "ಅಪ್ಪನೇ ಬೇಡ ಅಂದ್ಮೇಲೆ ಮುಗೀತು ಬಿಡಮ್ಮ. ನಾನೂ ಕುರಾಮೋತೋನೂ ವಾರ್ಡ್ ಆಫೀಸಿಗೆ ಹೋಗಿ ಮದ್ವೆ ರಿಜಿಸ್ಟರ್ ಮಾಡಿಸ್ಕೋತೀವಿ. ಆ ಮನೆ ಹೊಸಿಲು ತುಳಿಯಲ್ಲ" ಎಂದು ಸಿಡುಕಿ ಇಟ್ಟೆಯಲ್ಲ, ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲವಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕುವುದಿದ್ದರೂ ಓದಿ ಹರಿದು ಹಾಕು.

ಇಷ್ಟಕ್ಕೂ ಮೂಲ ನೀನು ಹೊಸ ವರ್ಷಕ್ಕೆ ಬಂದಾಗ ಟೀವಿಯ ಕೆಳಗೆ ಇಟ್ಟು ಹೋದ ಆ ಆಟದ ಯಂತ್ರ. ನಿಮ್ಮ ಆಫೀಸಿನಲ್ಲಿ ನೀನೂ ಸೇರಿ ಕಣ್ಣು ಕೆಂಪಗೆ ಮಾಡಿಕೊಂಡು ತಯಾರಿಸಿದ್ದು, ನನಗೆ ಗೊತ್ತು. ಪಕ್ಕದಂಗಡಿಯ ನೋಬುಕೋ ಹತ್ತಿರ ಎಷ್ಟು ಕೊಚ್ಚಿಕೊಂಡೆ ಅನ್ನುವುದು ಅವಳಿಗೂ ಗೊತ್ತು. "ಇನ್ಮೇಲೆ ಕಂಟ್ರೋಲರ್ ಹಿಡ್ಕೊಳೋ ಕಷ್ಟಾನೇ ಇಲ್ಲ ಅಮ್ಮ. ನಿಮ್ ಕೈನೇ ಕಂಟ್ರೋಲರ್, ನಿಮ್ ಮಾತೇ ಗುಂಡಿ" ಅಂದೆ. ಕಷ್ಟ ಅಂತ ಯಾರು ಹೇಳಿದ್ದರು ನಿನಗೆ? ನಿಮ್ಮಪ್ಪನ ಹಳೆಯ ಕಂಟ್ರೋಲರಿಗೆ ಏನು ರೋಗ ಬಂದಿತ್ತು? ಅವರ ಹೆಬ್ಬೆರಳು ತಿಕ್ಕಿ ತಿಕ್ಕಿ ಅದರ ಬಣ್ಣ ಹೋಗಿತ್ತು, ಅಷ್ಟೇ. ಕತ್ತರಿ ಹಿಡಿದಾಗ ಆಡುವುದು ಹೆಬ್ಬೆರಳೊಂದೇ, ಉಳಿದ ಬೆರಳು ಅಲ್ಲಾಡಬಾರದು ಎಂದು ಅವರ ಗುರುಗಳು ಕಲಿಸಿದ್ದರಂತೆ. ನಿನ್ನನ್ನು ಟೋಕಿಯೋಗೆ ಕಳಿಸಿದ ಮೇಲೂ ಪ್ರತಿ ಸೋಮವಾರ ಸಂಜೆ ಆ ಹೆಬ್ಬೆರಳಿನಿಂದಲೇ ಆಟದಲ್ಲಿ ನಿನ್ನ ಜೊತೆ ಇದ್ದರು. ಎರಡು ಡೊಳ್ಳುಹೊಟ್ಟೆಯ ತನುಕಿ ಕಾಡುನಾಯಿಗಳು ಒಂದು ಬೀರು ಹೊತ್ತುಕೊಂಡು ಮೆಟ್ಟಿಲು ಹತ್ತುವ ಆ ಹುಚ್ಚು ಆಟ! ಮುಂದಿನದು ನೀನು, ಹಿಂದಿನದು ಅವರು. ನೀನು ಬಂದ ಕೂಡಲೇ ನಿನ್ನ ತನುಕಿ ಕುಣಿಯುತ್ತಿತ್ತು, ಅಪ್ಪಂದೂ ಕುಣಿಯುತ್ತಿತ್ತು. ಅವರಿಗೆ ಸುಸ್ತಾದರೆ ತನುಕಿ ಮೆಟ್ಟಿಲ ಮೇಲೆ ಕೂತುಬಿಡುತ್ತಿತ್ತು, ನೀನು ಬೀರು ಇಳಿಸಿ ಪಕ್ಕದಲ್ಲಿ ಕೂರುತ್ತಿದ್ದೆ. ಇಬ್ಬರೂ ಒಂದಕ್ಷರ ಮಾತಾಡದೆ ಸಂಜೆಯಿಡೀ ಹರಟುತ್ತಿದ್ದಿರಿ. ನಾನು ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದೆ, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಈಗ ನಿನ್ನ ಹೊಸ ಯಂತ್ರದ ಕಥೆ ಕೇಳು. ಈ ಚಳಿಯಲ್ಲಿ ಯಾರ ಕೈಯಾದರೂ ಎಲ್ಲಿರುತ್ತದೆ? ಕೊತಾತ್ಸು ಮೇಜಿನ ರಜಾಯಿಯೊಳಗೆ, ಬಿಸಿಯ ಹತ್ತಿರ. ಹಳೆಯ ಕಂಟ್ರೋಲರ್ ರಜಾಯಿಯ ಒಳಗಿಂದಲೂ ಕೆಲಸ ಮಾಡುತ್ತಿತ್ತು. ಇದು ಕ್ಯಾಮೆರಾ ಕಣ್ಣು ಬಿಟ್ಟುಕೊಂಡು, "ನಿಮ್ಮ ಕೈಗಳು ಕಾಣಿಸುತ್ತಿಲ್ಲ" ಎಂದು ಪೊಲೀಸರ ಹಾಗೆ ಗದರಿಸುತ್ತದೆ. ಸರಿ, ನಡುಗುತ್ತಾ ಕೈ ಹೊರಗೆ ತೆಗೆದರು. ತನುಕಿಯನ್ನು ಬಾ ಎಂದು ಕರೆಯಲು, ನಾವೆಲ್ಲ ಕರೆಯುವ ಹಾಗೆ, ಅಂಗೈ ಕೆಳಗೆ ಮಾಡಿ ಬೆರಳು ಆಡಿಸಿದರು. ಅದು ಹೋಗು ಅಂದರು ಅಂದುಕೊಂಡು ಓಡಿಹೋಯಿತು! ಇವರು ಇನ್ನಷ್ಟು ಕರೆದರು, ಅದು ಇನ್ನಷ್ಟು ಓಡಿತು. ನೀವು ಅದನ್ನು ಯಾವ ದೇಶದವರ ಕೈ ತೋರಿಸಿ ಬೆಳೆಸಿದಿರೋ ನಾನು ಕಾಣೆ. ನಾನು ದಿಂಬಿನ ಧೂಳು ಕೊಡವಿದರೆ ಬೀರು ಮೆಟ್ಟಿಲಿಂದ ಉರುಳಿ ಬೀಳುತ್ತದೆ. ಅವರು ಸೀನಿದರೆ ಆಟವೇ ಮುಚ್ಚಿಕೊಳ್ಳುತ್ತದೆ.

ಕೈ ಹಾಳಾಗಲಿ, ಮಾತು! ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಬಂಗಾರವನ್ನೇ ಕಟ್ಟಿಕೊಂಡು ಇಷ್ಟು ವರ್ಷ ಸಂಸಾರ ಮಾಡಿದವಳು ನಾನು. ಊಟ, ಸ್ನಾನ, ನಿದ್ದೆ, ಇವು ಮೂರು ಬಿಟ್ಟು ಆ ಬಾಯಿಂದ ಬೇರೆ ಮಾತು ಬಂದರೆ ಅವತ್ತು ಹಬ್ಬ. ಇಡೀ ಒಸಾಕಾದಲ್ಲಿ ಹರಟದ ಕ್ಷೌರಿಕ ಇವರೊಬ್ಬರೇ. "ಇಸಾಮು ಅಂಗಡೀಲಿ ಕೂತ್ರೆ ಕ್ಷೌರಾನೂ ಆಗುತ್ತೆ, ಒಂದು ನಿದ್ದೇನೂ ಆಗುತ್ತೆ" ಎಂದು ಗಿರಾಕಿಗಳು ನಗುತ್ತಾರೆ. ಅಂಥವರ ಮುಂದೆ ಮಾತಿನಿಂದ ನಡೆಯುವ ಯಂತ್ರ ತಂದಿಟ್ಟೆಯಲ್ಲೇ, ನಿನಗೆ ಏನು ಹೇಳಲಿ? ಅದಕ್ಕೆ ಅರ್ಥವಾದ ಅವರ ಮಾತು ಒಂದೇ, ನಿದ್ದೆ. ಆ ಮಾತು ಕೇಳಿದ ಕೂಡಲೇ ಪಟ್ಟನೆ ಆರಿಹೋಯಿತು.

ಆದರೂ ನಿಮ್ಮಪ್ಪ ಬಿಡಲಿಲ್ಲ. ಮಗಳು ಮಾಡಿದ್ದು, ಕಲಿಯದೆ ಇದ್ದರೆ ಹೇಗೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಸೋಮವಾರ ಬಂತೆಂದರೆ ಗಡ್ಡ ಹೆರೆದುಕೊಂಡು ಒಗೆದ ಅಂಗಿ ಹಾಕಿಕೊಂಡು ಅದರ ಮುಂದೆ ಕೂರುತ್ತಿದ್ದರು. ಹೋದ ತಿಂಗಳು ಒಂದು ಸೋಮವಾರ ನೀನು ಆಟಕ್ಕೆ ಬರಲಿಲ್ಲ, ನಿನ್ನ ಸಂದೇಶ ಬಂತು. ನಾನು ಅಡುಗೆಮನೆಯಲ್ಲಿ ತೆಂಪುರಾ ಕರಿಯುತ್ತಿದ್ದೆ, ಎಣ್ಣೆಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ನಿನ್ನೆ ಅವರನ್ನು ಕೂರಿಸಿಕೊಂಡು ಹಲ್ಲು ಕಿತ್ತ ಹಾಗೆ ಒಂದೊಂದೇ ಮಾತು ಕಿತ್ತಾಗ ಗೊತ್ತಾಯಿತು. ಯಂತ್ರವೇ ಓದಿತಂತೆ: "ಅಪ್ಪಾ, ಮೇ ರಜೇಲಿ ಕುರಾಮೋತೋನ ಮನೆಗೆ ಕರ್ಕೊಂಡು ಬರ್ಲಾ? ನಾವು ಮದ್ವೆ ಆಗ್ಬೇಕು ಅಂತಿದೀವಿ." ನಿಮ್ಮಪ್ಪ ಮಂಡಿಯೂರಿ ನೆಟ್ಟಗೆ ಕೂತರಂತೆ. ಅಂಗಿಯ ಕಾಲರ್ ಸರಿಮಾಡಿಕೊಂಡರಂತೆ. ಹುಡುಗಿಯ ತಂದೆ ಹೇಗೆ ಕೂರಬೇಕೋ ಹಾಗೆ ಆ ಡಬ್ಬದ ಮುಂದೆ ಕೂತು, ಅವರಿಗೆ ಗೊತ್ತಿರುವ ಅತ್ಯಂತ ದೊಡ್ಡ ಮಾತು ಹೇಳಿದರಂತೆ.

"ಪರವಾಗಿಲ್ಲ."

ಅದು, "ಉತ್ತರ ಕಳಿಸಲಾಗಿದೆ, ಧನ್ಯವಾದ" ಅಂದಿತಂತೆ. ಇವರು ತೃಪ್ತಿಯಿಂದ ಬಂದು ತೆಂಪುರಾ ತಿಂದರು. ನನಗೆ ಹೇಳಲಿಲ್ಲ. ಮಗಳ ಮದುವೆ ಅಂಥ ವಿಷಯ ನನಗೆ ಹೇಳಲಿಲ್ಲ! ಮರುದಿನದಿಂದ ಜಾರುಬಾಗಿಲಿನ ಹಳೆಯ ಕಾಗದ ಹರಿದು ಹೊಸದು ಅಂಟಿಸತೊಡಗಿದರು. ಪೇಟೆಗೆ ಹೋಗಿ ಮನೆಯೊಳಗೆ ಹಾಕುವ ಚಪ್ಪಲಿ ಒಂದು ಜೊತೆ ತಂದರು, ದೋಣಿಯಷ್ಟು ದೊಡ್ಡದು. ಯಾರಿಗೆ ಅಂದರೆ, "ಹೂಂ." ಇವರಿಗೆ ಅರಳುಮರಳು ಶುರುವಾಯಿತು ಅಂದುಕೊಂಡೆ. ಆಮೇಲಿನ ಸೋಮವಾರಗಳಲ್ಲಿ ನೀನು ಬರಲೇ ಇಲ್ಲ. ಆದರೂ ಒಗೆದ ಅಂಗಿ ಹಾಕಿಕೊಂಡು ಖಾಲಿ ಮೆಟ್ಟಿಲು ನೋಡುತ್ತಾ ಕೂರುತ್ತಾರೆ. ಮದುವೆಯ ಓಡಾಟದಲ್ಲಿ ನಿನಗೆ ಬಿಡುವಿಲ್ಲ ಅಂದುಕೊಂಡಿದ್ದರಂತೆ ಮಹಾನುಭಾವರು.

ನಿನ್ನೆ ನಾನು, "ಏನ್ರೀ, ಬೇಡ ಅಂದ್ರಂತಲ್ಲ ಮಗಳಿಗೆ?" ಎಂದು ಕೂಗಾಡಿದಾಗ ಅವರ ಮುಖ ನೋಡಬೇಕಿತ್ತು ನೀನು. "ಪರವಾಗಿಲ್ಲ ಅಂದ್ನಲ್ಲ" ಅಂದರು. ಮತ್ತೆ ಮೆಲ್ಲಗೆ, "ಪರವಾಗಿಲ್ಲ ಅಂದೆ ಕಣೇ" ಅಂದರು. ಕೈಯಲ್ಲಿ ಅಂಟಿನ ಬ್ರಷ್ ಇತ್ತು, ಅದು ಚಾಪೆಯ ಮೇಲೆ ತೊಟ್ಟಿಕ್ಕುತ್ತಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ. ನಾನೇ ಬ್ರಷ್ ಕಸಿದು ಅಂಟಿನ ಬಟ್ಟಲಲ್ಲಿಟ್ಟೆ.

ಅನ್ನ ಹಾಕಲಾ ಅಂದಾಗ ಪರವಾಗಿಲ್ಲ ಅಂದರೆ ಬೇಡ. ಸಾರು ಹೇಗಿದೆ ಅಂದಾಗ ಪರವಾಗಿಲ್ಲ ಅಂದರೆ ಚೆನ್ನಾಗಿದೆ. ನೀನು ಕಾಲೇಜಿಗೆ ಟೋಕಿಯೋಗೆ ಹೋಗಲಾ ಅಂದಾಗಲೂ ಅವರು ಅಂದದ್ದು ಅದನ್ನೇ, ನೀನು ಕುಣಿದಾಡಿದ್ದೆ. ಯಂತ್ರಕ್ಕೆ ಇದೆಲ್ಲ ಗೊತ್ತಿಲ್ಲ, ಅದು ಇವರ ಕೈಯ ಅನ್ನ ತಿಂದಿಲ್ಲ. ಆದರೆ ನಿನಗೆ? ಹದಿನೆಂಟು ವರ್ಷ ಅದೇ ಬಾಯಿಯ ಎದುರು ಕೂತು ಉಂಡವಳಿಗೆ? ಅವರ ಪರವಾಗಿಲ್ಲವನ್ನು ಡಬ್ಬ ‘ಬೇಡ’ ಎಂದು ಮಾಡಿ ಕಳಿಸಿತಂತೆ, ಇವಳು ನಂಬಿದಳಂತೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಹಳೆಯ ಕಂಟ್ರೋಲರ್ ಇದ್ದಿದ್ದರೆ ಈ ರಾಮಾಯಣವೇ ಇರುತ್ತಿರಲಿಲ್ಲ. ಸರಿಯುತ್ತರಕ್ಕೆ ಟೀಚರು ಕೆಂಪು ದುಂಡು ಸುತ್ತುವುದನ್ನು ನೋಡಿ ಬೆಳೆದವರು ನಾವು. ದುಂಡು ಗುರುತಿನ ಗುಂಡಿ ಒತ್ತಿದರೆ ಹೂಂ, ಇಂಟು ಗುರುತಿನದು ಒತ್ತಿದರೆ ಊಹೂಂ. ನಿಮ್ಮಪ್ಪನಂಥವರಿಗೆ ಅಷ್ಟು ಸಾಕಿತ್ತು. ಬೇರೆಯವರು ಬೇಕಾದರೆ ಕೈ ಬೀಸಿಕೊಳ್ಳಲಿ, ಹಾಡಿಕೊಳ್ಳಲಿ. ಮಾತು ಬಾರದ ಮನುಷ್ಯನ ಕೈಯಿಂದ ಗುಂಡಿ ಕಿತ್ತುಕೊಳ್ಳಬೇಡಿ ಎಂದು ನಿಮ್ಮ ಆಫೀಸಿನಲ್ಲಿ ನಾನು ಹೇಳಿದೆ ಅಂತ ಹೇಳು.

ಕುರಾಮೋತೋ ಅವರಿಗೆ ನನ್ನ ನಮಸ್ಕಾರ. ಇಬ್ಬರೂ ಚೆನ್ನಾಗಿರಿ. ನಿನಗೆ ಒಳ್ಳೆಯದಾಗಲಿ, ಬುದ್ಧಿಯೂ ಬರಲಿ.

ನಿನ್ನ ಅಮ್ಮ,
ಫುಸಾಯೆ

ಇನ್ನೊಂದು ಮಾತು: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ನಿಮ್ಮಪ್ಪ ಬಂದು ಕಾಗದ ಕಸಿದುಕೊಂಡು ಪೂರ್ತಿ ಓದಿದರು. ಇಷ್ಟೆಲ್ಲ ಬರೆದಿದ್ದೇನೆ, ರೇಗುತ್ತಾರೆ ಅಂದುಕೊಂಡೆ. "ಪರವಾಗಿಲ್ಲ" ಅಂದರು! "ಅಯ್ಯೋ ಮಾರಾಯ್ರೇ, ಆ ಮಾತು ಇನ್ನು ಬಾಯಲ್ಲಿ ಬೇಡ, ಕೈಯಲ್ಲಿ ಬರೆದುಕೊಡಿ" ಎಂದು ಕೆಂಪು ಪೆನ್ನು ಕೊಟ್ಟೆ. ನನ್ನ ಚಹಾ ಆರುವಷ್ಟು ಹೊತ್ತು ಕೂತು ಬರೆದದ್ದು ಇಷ್ಟೇ. ಹೆಬ್ಬೆರಳಿಟ್ಟು ಒತ್ತು, ಮಗಳೇ.

○