ಒಂದೇ ಬೂಟಿನ ರಾಣಿ

ಹೊಲಿಗೆ ಅಂಗಡಿಯ ಅಟ್ಟದಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹಿಮ್ಮಡಿ ನೋವು ಇಳಿಯಿತಾ? ನೀನು ಕೆಲಸ ಮಾಡುವ ಅಂಗಡಿಯ ಗಾಜಿನೊಳಗೆ ಪ್ಲಾಸ್ಟಿಕ್ ಗೊಂಬೆಗಳು ಆರಾಮಾಗಿ ನಿಂತಿರುತ್ತವೆ, ಅವಕ್ಕೆ ಬಟ್ಟೆ ತೊಡಿಸುವ ನಿನಗೆ ಕಾಲುನೋವು, ಇದು ಯಾವ ಸೀಮೆ ನ್ಯಾಯವೋ. ನಾನು ಚೆನ್ನಾಗಿದ್ದೇನೆ. ಅಮ್ಮನೂ ಚೆನ್ನಾಗಿದ್ದಾಳೆ, ಅಂದರೆ ಗಿರಾಕಿಗಳನ್ನು ಬೈಯುವಷ್ಟು ಚೆನ್ನಾಗಿದ್ದಾಳೆ. ನೀನು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ ಹೋಗಿ ಎಂಟು ತಿಂಗಳಾಯಿತು. ಅದು ಇನ್ನೂ ಕುಕ್ಕಿದ ಜಾಗದಲ್ಲೇ ಇದೆ. ಬಟ್ಟೆ ಹರಡುವಾಗ ಅಮ್ಮ ಅದರ ಸುತ್ತ ಬಳಸಿಕೊಂಡು ಹರಡುತ್ತಾಳೆ.

ಈಗ ನಿನ್ನ ಕಳೆದ ಪತ್ರದ ಪ್ರಶ್ನೆಗೆ ಬರುತ್ತೇನೆ. ಪ್ರತಿ ಶನಿವಾರ ಸಂಜೆ ಐದಕ್ಕೆ ಮೊಬೈಲಿನ ಆ ಫ್ಯಾಷನ್ ಆಟದ ಏಳನೇ ಕೋಣೆಗೆ ಬಾ, ಇಬ್ಬರೂ ಆಡೋಣ ಎಂದು ಬರೆದವಳು ನಾನೇ. ನೀನು ತಪ್ಪದೆ ಬಂದೆ. ಬಂದು, ‘ನಿನ್ನ ಗೊಂಬೆ ಯಾಕೆ ವಾರವಾರ ಬೋಳುತಲೆಯಲ್ಲಿ ಒಂದೇ ಬೂಟು ಹಾಕ್ಕೊಂಡು ಕುಂಟ್ತಾ ಬರುತ್ತೆ, ನಂಗ್ಯಾಕೆ ಒಂದೇ ಸ್ಟಾರ್ ಕೊಡ್ತೀಯ ಕತ್ತೆ’ ಎಂದು ಕೇಳಿದ್ದೀಯ. ಕತ್ತೆ ಎಂಬ ಬಿರುದನ್ನು ಸಕಲ ಗೌರವಗಳೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಆ ಗೊಂಬೆ ನನ್ನದಲ್ಲ. ಅಮ್ಮನದು. ಈ ಮನೆಯಲ್ಲಿ ಇರುವುದು ಒಂದೇ ಮೊಬೈಲು, ಅದು ಅವಳ ಕೈಯಲ್ಲಿದೆ, ಅದಕ್ಕೇ ನಾನು ಪುರಾತನ ಕಾಲದವಳಂತೆ ಪೆನ್ನು ಹಿಡಿದಿರುವುದು.

ನಡೆದದ್ದು ಇಷ್ಟು. ಇದು ದರ್ಜಿಗಳಿಗೆಂದೇ ಇಟ್ಟಿರುವ ಆನ್‌ಲೈನ್ ಪರೀಕ್ಷೆ, ಪಾಸಾದವರಿಗೆ ಸರ್ಟಿಫಿಕೇಟು ಎಂದು ನಾನು ಅಮ್ಮನಿಗೆ ಹೇಳಿದೆ. ಅವಳು ಕೈ ತೊಳೆದು, ಕನ್ನಡಕ ಒರೆಸಿ, ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಕೂತಳು. ವಿಷಯ, ಹಿಮದ ನಾಡಿನ ರಾಣಿ. ಸಮಯ, ಐದು ನಿಮಿಷ. ಅದರಲ್ಲಿ ಒಂದೂವರೆ ನಿಮಿಷ ಅಮ್ಮ ಗೌನಿನ ಒಳಮೈ ತಿರುಗಿಸಿ ನೋಡಲು ಪರದೆಯನ್ನು ಉಜ್ಜಿದಳು. ‘ಒಳಗೆ ಹೊಲಿಗೇನೇ ಇಲ್ವಲ್ಲೇ, ಯಾರೇ ಇದನ್ನ ಹೊಲ್ದಿದ್ದು’ ಎಂದಳು, ಅನ್ನದಲ್ಲಿ ಕೂದಲು ಸಿಕ್ಕವಳ ಮುಖ ಮಾಡಿಕೊಂಡು. ಆ ಆಟದಲ್ಲಿ ಎಡಬೂಟು ಬಲಬೂಟು ಬೇರೆ ಬೇರೆ ತೊಡಿಸಬೇಕಷ್ಟೆ. ಎಡಗಾಲಿನದು ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು. ರಾಣಿ ಹಾಗೇ, ಎಲ್ಲರೂ ಸ್ಟಾರ್ ಹಾಕುವ ವೇದಿಕೆಗೆ ಹೊರಟಳು.

ಹೀಗೆ ನಾನು ಗುರುಪೀಠ ಏರಬೇಕಾಯಿತು. ಹೊಸಬರ ಉದ್ಧಾರಕ್ಕಾಗಿ ನನ್ನ ಬಳಿ ಉಪದೇಶಗಳಿದ್ದವು. ವಿಷಯ ಕಂಡ ಕೂಡಲೇ ಎರಡು ಬಣ್ಣ ಆರಿಸಿಕೋ, ಮೂರನೆಯದನ್ನು ಕಣ್ಣೆತ್ತಿ ನೋಡಬೇಡ ಎಂದೆ. ಅಮ್ಮ ಬಿಳಿಯಲ್ಲೇ ಹನ್ನೊಂದು ಬಗೆ ಹುಡುಕಿ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದಳು, ಮೊಬೈಲ್ ಸಮೇತ. ಕೂದಲು ಮೊದಲು ಇಡು, ಬೋಳುತಲೆಗೆ ಯಾರೂ ಸ್ಟಾರ್ ಕೊಡುವುದಿಲ್ಲ ಎಂದೆ. ಕಾಲರ್ ಕೂರಿಸುವಾಗ ಕೂದಲು ಅಡ್ಡ ಬರುತ್ತದಂತೆ. ಕೊನೆಯ ಅರ್ಧ ನಿಮಿಷ ಏನನ್ನೂ ಬಿಚ್ಚಬೇಡ, ಇದ್ದದ್ದು ಇದ್ದಂತೆ ಇರಲಿ ಎಂದೆ. ಬಿಚ್ಚಿ ಹೊಲಿಯದೆ ಅವಳಿಗೆ ಯಾವತ್ತು ನಿದ್ದೆ ಬಂದಿದೆ ಹೇಳು. ಕಡೆಗೆ, ಬೆನ್ನಿನ ಕಡೆ ಸಮಯ ಹಾಳುಮಾಡಬೇಡ, ಅದು ಯಾರಿಗೂ ಕಾಣುವುದಿಲ್ಲ ಎಂದೆ. ಅಮ್ಮ ನನ್ನನ್ನು ನೋಡಿದ ನೋಟ ಇನ್ನೂ ಮೈಮೇಲೆ ಹರಿದಾಡುತ್ತಿದೆ. ‘ಬೆನ್ನು ಕಾಣಲ್ಲ ಅಂತ ಬಿಡೋರು ದರ್ಜಿಗಳಲ್ಲ ಕಣೇ, ಕಳ್ಳರು’ ಎಂದಳು.

ನಿಜ ಹೇಳುತ್ತೇನೆ ಅಕ್ಕಾ, ನನಗೆ ಆ ಆಟವೇ ಹೇಸಿಗೆಯಾಗಿದೆ. ಯಾವ ವಿಷಯ ಕೊಟ್ಟರೂ ರೆಕ್ಕೆ ಕಟ್ಟಿಕೊಂಡು ಬರುವವರು. ವಿಷಯ ಅಡುಗೆಯವಳು ಎಂದಿದ್ದರೂ ರೆಕ್ಕೆ. ಐದು ಕೊಡಿ, ನಾನೂ ಐದು ಕೊಡ್ತೀನಿ ಎಂದು ಅಂಗಲಾಚುವವರು, ಆಮೇಲೆ ಒಂದೇ ಒಂದು ಕೊಟ್ಟು ಜಾರಿಕೊಳ್ಳುವವರು. ಥೂ. ಅವರ ನಡುವೆ ನಮ್ಮಮ್ಮ ಒಬ್ಬಳೇ ಪ್ರಾಮಾಣಿಕಳು. ಎಲ್ಲರಿಗೂ ಒಂದೊಂದೇ ಸ್ಟಾರ್. ತನಗೆ ತಾನೇ ಕೊಟ್ಟುಕೊಳ್ಳಲು ಬಂದಿದ್ದರೆ ತನಗೂ ಒಂದೇ.

ಮೂರನೇ ವಾರಕ್ಕೆ ಸರ್ಟಿಫಿಕೇಟ್ ಎಲ್ಲೇ ಎಂದು ಕೇಳುತ್ತಾಳೆ ಅಂತ ಬೆನ್ನಿಗೆ ದಿಂಬು ಕಟ್ಟಿಕೊಳ್ಳುವಷ್ಟು ಸಿದ್ಧಳಾಗಿದ್ದೆ. ಅಮ್ಮ ಕೇಳಲಿಲ್ಲ. ‘ಪರೀಕ್ಷೆನೂ ಇಲ್ಲ ಮಣ್ಣೂ ಇಲ್ಲ ಅಂತ ಮೊದಲ್ನೇ ದಿನಾನೇ ಗೊತ್ತಾಯ್ತು ಬಿಡು’ ಎಂದಳು. ಹಾಗಿದ್ದರೂ ಶನಿವಾರ ನಾಲ್ಕೂಮುಕ್ಕಾಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿ ಕೂರುತ್ತಾಳೆ. ಯಾಕೆಂದು ನನಗೆ ಕಳೆದ ವಾರ ತಿಳಿಯಿತು.

ಕಳೆದ ವಾರದ ವಿಷಯ ಮದುಮಗಳು. ನೀನು ನಿನ್ನ ಹೆಸರಿನ ಗೊಂಬೆಯ ಬಿಳಿ ಗೌನಿಗೆ ಸೊಂಟಪಟ್ಟಿ ಕಟ್ಟಿ, ಗಂಟನ್ನು ಎಡಗಡೆಗೆ ತಂದಿದ್ದೆ. ನೀನು ಕತ್ತರಿ ಕುಕ್ಕಿದ ದಿನ ನಮ್ಮ ಅಂಗಡಿಯಲ್ಲಿ, ಮದುವೆ ಹುಡುಗಿಯ ಎದುರಿಗೇ, ಗಂಟು ಬಲಕ್ಕಿರಬೇಕು ಎಂದು ಅಮ್ಮ ಬಿಚ್ಚಿ ಹಾಕಿದಳಲ್ಲ, ಅದೇ ಗೌನು, ಅದೇ ಗಂಟು. ಅಮ್ಮ ಮೊಬೈಲನ್ನು ಮೂಗಿನ ಹತ್ತಿರ ತಂದಳು. ‘ಎಡಚಿ’ ಎಂದಳು. ಅಷ್ಟೇ. ಆಮೇಲೆ ಐದು ಸ್ಟಾರ್ ಒತ್ತಿದಳು. ನಾನು ಕಣ್ಣಾರೆ ಕಂಡೆ. ಬುದ್ಧಿ ಬೆಳೆದ ಇಬ್ಬರು ಹೆಂಗಸರು ಒಂದು ಗಂಟಿಗಾಗಿ ಎಂಟು ತಿಂಗಳು ಮಾತು ಬಿಡುವುದು, ಬಿಟ್ಟದ್ದನ್ನು ಅವರಲ್ಲೊಬ್ಬಳು ಮೊಬೈಲಿನ ಬೊಂಬೆಗಳ ಕೈಯಲ್ಲಿ ಹಿಡಿಸಲು ನೋಡುವುದು. ಇದಕ್ಕಿಂತ ರೆಕ್ಕೆಯವರೇ ವಾಸಿ.

ಕೆಳಗೆ ಅಮ್ಮ ಕೂಗುತ್ತಿದ್ದಾಳೆ, ಗುಂಡಿ ಹಚ್ಚುವುದಿದೆ. ಬಿಸಿನೀರಲ್ಲಿ ಕಾಲಿಟ್ಟುಕೋ. ನಿನ್ನ ಗೊಂಬೆಗಳಿಗೆಲ್ಲ ನನ್ನ ನಮಸ್ಕಾರ ತಿಳಿಸು.

ಇಂತು ನಿನ್ನ ತಂಗಿ,
ದರ್ಜಿಗಳ ಪರೀಕ್ಷಾ ಮಂಡಳಿಯ ಏಕಮಾತ್ರ ಅಧ್ಯಕ್ಷೆ

ಮರೆತ ಮಾತು: ನೀನು ಓಟು ಮುಗಿದ ಕ್ಷಣವೇ ಕೋಣೆಯಿಂದ ಹೊರಟುಬಿಡುತ್ತೀಯ. ಅವತ್ತೂ ಹೊರಟೆ. ಅಮ್ಮ ಆಗ ನಿನಗೆ ಏನೋ ಟೈಪ್ ಮಾಡುತ್ತಿದ್ದಳು. ‘ಗಂಟು ಚೆನ್ನಾ’ ಅನ್ನುವಷ್ಟರಲ್ಲಿ ನಿನ್ನ ಹೆಸರು ಮಾಯವಾಯಿತು. ಚೆನ್ನಾಗಿದೆ ಅಂತಲೋ, ಚೆನ್ನಾಗಿ ಬಿಗಿ ಅಂತಲೋ, ನಮ್ಮಮ್ಮನ ವಿಷಯದಲ್ಲಿ ಆಣೆ ಮಾಡಿ ಹೇಳಲಾರೆ. ಅವಳು ಅಳಿಸದೆ ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದಳು. ಈ ಶನಿವಾರ ಬೇಗ ಹೋಗಬೇಡ ಅಕ್ಕಾ. ಅವಳು ಒಂದೇ ಬೆರಳಲ್ಲಿ ಒತ್ತುತ್ತಾಳೆ.