ಕೆಳಗಿನ ಬುಗ್ಗೆಯ ಹಳದಿ

ಗೋವಿನಕೋವಿ, ಹೊನ್ನಾಳಿ ತಾಲ್ಲೂಕು
27-11-1982

ಪ್ರೀತಿಯ ಮಹೇಶನಿಗೆ ಅವ್ವನ ಆಶೀರ್ವಾದ.

ಹೇಗಿದ್ದೀಯಪ್ಪಾ? ಆ ಹಿಮದ ಬೆಟ್ಟದಲ್ಲಿ ಕಿವಿಗೆ ಮಫ್ಲರ್ ಕಟ್ಟಿಕೊಳ್ಳುತ್ತೀಯೋ, ಶೀತ ಹಿಡಿದ ಮೇಲೆ ಅವ್ವನನ್ನು ನೆನೆಯುತ್ತೀಯೋ? ಬಿಸಿನೀರ ಬುಗ್ಗೆ ಪಕ್ಕದಲ್ಲೇ ಇದೆಯೆಂದು ದಿನಕ್ಕೆ ಮೂರು ಸಲ ಸ್ನಾನ ಮಾಡಬೇಡ. ನಾವು ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಕಡಿಮೆಯಾಗಿದೆ, ನಾಲಗೆಯ ಚುರುಕು ಕಡಿಮೆಯಾಗಿಲ್ಲ.

ನಿನ್ನ ಕಾಗದ ಸೋಮವಾರ ಬಂತು. ಮೇಲಿನ ಕೊಳವೆಬಾವಿಗೆ ಬಣ್ಣದ ಪುಡಿ ಬಿಟ್ಟು, ಅದು ನೆಲದೊಳಗೆ ಹರಿದು ಕೆಳಗಿನ ಬುಗ್ಗೆಯಲ್ಲಿ ಎಷ್ಟು ದಿನಕ್ಕೆ ಏಳುತ್ತದೆಂದು ಕಾಯುವುದೇ ನಿನ್ನ ಕೆಲಸವೆಂದು ಈಗ ತಿಳಿಯಿತು. ನಿಮ್ಮಪ್ಪ ಅದನ್ನು ಓಬಳಪ್ಪನ ಅಂಗಡಿ ಕಟ್ಟೆಯ ಮೇಲೆ ಎಲ್ಲರಿಗೂ ಓದಿ, “ನನ್ ಮಗ ಪಾತಾಳದ ನೀರಿಗೆ ದಾರಿ ಕೇಳಾಕೆ ಹೋಗ್ಯಾನೆ” ಅಂದರಂತೆ. ತಿಂಗಳು ಹಿಡಿಯಬಹುದೆಂದಿದ್ದ ಬಣ್ಣ ನಾಲ್ಕೇ ದಿನಕ್ಕೆ ಬಂದದ್ದು, ನೀರು ತುಂಬುವ ಹಬ್ಬದ ಮಾರನೆ ಬೆಳಿಗ್ಗೆ ನಿನ್ನ ಸೀಸೆಯ ನೀರು ಹಳದಿಯಾಗಿದ್ದದ್ದು, ಸಾಹೇಬರು ಬೆನ್ನು ತಟ್ಟಿದ್ದು, ಮೊದಲ ಸಲ ವರದಿಗೆ ನಿನ್ನದೇ ಸಹಿ ಬೀಳುವುದು, ಎಲ್ಲಾ ಓದಿ ನನ್ನ ಕಣ್ಣು ತುಂಬಿತು. ಆ ವರದಿ ನಂಬಿ ಮುಂದಿನ ಬಾವಿ ಕೊರೆಯುತ್ತಾರೆ ಎಂದೂ ಬರೆದಿದ್ದೀಯ. ಸಹಿ ಹಾಕಿಬಿಟ್ಟೆಯಾ? ತಡೆಯೆಂದು ಇವತ್ತು ಹೊನ್ನಾಳಿಗೆ ಹೋಗಿ ತಂತಿ ಕೊಟ್ಟು ಬಂದೆ. ಕಾರಣವನ್ನು ಅಲ್ಲಿ ಬರೆಸಲು ನಾಚಿಕೆಯಾಯಿತು.

ನಿಮ್ಮ ಕ್ಯಾಂಪಿನ ಅಡುಗೆಯ ಜಯಪ್ಪ ರಜೆಗೆ ತನ್ನೂರು ಉಬ್ರಾಣಿಗೆ ಬಂದಿದ್ದಾಗ ಅವನ ಕೈಲಿ ಶೇಂಗಾ ಚಟ್ನಿಪುಡಿ ಕಳಿಸಿದ್ದೆ, ರುಚಿಯಾಗಿತ್ತೇ? ಅವನ ಮೇಲೆ ಮಾತ್ರ ಸಿಟ್ಟಾಗಬೇಡ. ಹೊಟ್ಟೆ ತುಂಬ ಉಣ್ಣು. ಹಿಡಿದ ಕೆಲಸ ಕೈಗೂಡಲಿ.

ನಿನ್ನವ್ವ,
ಕಸ್ತೂರಮ್ಮ

ವಿ.ಸೂ.: ಸುತ್ತಿ ಬಳಸಿದ್ದು ಸಾಕು. ಆ ಬುಗ್ಗೆಗೆ ಗಂಗೆಪೂಜೆ ಮಾಡು ಎಂದರೆ ನಕ್ಕೆಯಲ್ಲಾ, ಅದಕ್ಕೇ ಚಟ್ನಿಪುಡಿಯ ಜೊತೆ ಮನೆಯಲ್ಲಿ ಕುಟ್ಟಿದ ಅರಿಶಿನವನ್ನೂ ಜಯಪ್ಪನಿಗೆ ಕೊಟ್ಟು, ನೀರು ತುಂಬುವ ಹಬ್ಬದ ಸಂಜೆ ನನ್ನ ಪರವಾಗಿ ಪೂಜೆ ಮಾಡೆಂದಿದ್ದೆ. “ಸಣ್ಣ ಸಾಹೇಬ್ರಿಗೆ ಗೊತ್ತಾಗದಂಗೆ ಮಾಡ್ತೀನಿ ಬಿಡ್ರಿ ಅವ್ವಾರೇ” ಅಂದಿದ್ದ. ಪೊಟ್ಟಣದ ಅರಿಶಿನ ಅಷ್ಟನ್ನೂ ಕೆಳಗಿನ ಬುಗ್ಗೆಗೆ ಬಿಟ್ಟೆನೆಂದು ನಿನ್ನೆ ಅವನ ಕಾರ್ಡು ಬಂತು. ನಿನ್ನ ಕೆಲಸ ಬೇಗ ಕೈಗೂಡಲೆಂದೇ ಗಂಗವ್ವನನ್ನು ಬೇಡಿಕೊಂಡಿದ್ದೆನಪ್ಪಾ. ಆ ಹಳದಿ ನನ್ನದು. ಸಾಹೇಬರಿಗೆ ನನ್ನ ಹೆಸರೇ ಹೇಳಿ, ಸೀಸೆ ತೊಳೆದು ಮತ್ತೆ ಕಾದು ನೋಡು.