ಖಾಲಿ ಡೇರೆಯ ಕಾವಲು

ಕೂಕಬರಾ ತಿರುವು, ನದಿಯ ದಡ
30 ಮಾರ್ಚ್ 2024, ಈಸ್ಟರ್ ಶನಿವಾರ

ಪ್ರೀತಿಯ ಗ್ಲೆನ್‌ಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಗಣಿಯ ಆ ಕಿರಿದಾದ ಮಂಚದ ಮೇಲೆ ಮಲಗಿ ಎದ್ದರೆ ಸೊಂಟ ಹಿಡಿದುಕೊಳ್ಳುತ್ತದೆ ಎಂದು ಹೋದ ವಾರ ಫೋನಿನಲ್ಲಿ ಅಷ್ಟೊಂದು ನರಳಿದೆಯಲ್ಲ, ನಾನು ಕಳಿಸಿದ ನೋವಿನ ಮುಲಾಮು ಹಚ್ಚಿಕೊಂಡೆಯೋ ಇಲ್ಲವೋ? ನಾವು ಚೆನ್ನಾಗಿದ್ದೇವೆ. ಮಕ್ಕಳಲ್ಲಿ ಬ್ರೀಗೆ ಸ್ವಲ್ಪ ನೆಗಡಿ. ಕೂಪರ್‌ನ ಮುಂದಿನ ಹಲ್ಲು ಬಿದ್ದಿದೆ. ಅಪ್ಪ ಬಂದ ಮೇಲೆ ತೋರಿಸಬೇಕೆಂದು ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಓಡಾಡುತ್ತಿದ್ದ. ರಸ್ತೆಯಲ್ಲಿ ಯಾವ ಬಿಳಿ ಗಾಡಿ ಬಂದರೂ ನಿನ್ನದೇ ಇರಬೇಕೆಂದು ಎದ್ದು ನಿಲ್ಲುತ್ತಿದ್ದ. ಈಗ ನಿಲ್ಲುವುದಿಲ್ಲ.

ನೀನು ಹೇಳಿದ ಹಾಗೆಯೇ ಈ ತಿಂಗಳ ಮೊದಲಲ್ಲೇ ಬಂದು ಜಾಗ ಹಿಡಿದೆ. ಈಸ್ಟರ್ ಹೊತ್ತಿಗೆ ಈ ನದಿಯ ದಡದಲ್ಲಿ ಕಾಲಿಡಲೂ ಜಾಗವಿರುವುದಿಲ್ಲವೆಂದು ಎಲ್ಲರೂ ವಾರಗಟ್ಟಲೆ ಮುಂಚೆ ಬಂದು ಖಾಲಿ ಡೇರೆ ಹಾಕಿ ಹೋಗುತ್ತಾರೆ, ನಾನೂ ಹಾಕಿದೆ. ಒಂದು ನಮಗೆ, ಅದರ ಪಕ್ಕದಲ್ಲಿ ನಿನಗೆ ಮತ್ತು ನಿನ್ನ ಮೀನಿನ ಗಾಳಗಳಿಗೆ ಇನ್ನೊಂದು. ಆಮೇಲೆ ಪ್ರತಿ ಶನಿವಾರ ಕೆಲಸ ಮುಗಿಸಿ ಗಾಡಿ ಓಡಿಸಿಕೊಂಡು ಬಂದು, ಯಾರಾದರೂ ಗೂಟ ಕಿತ್ತಿದ್ದಾರೆಯೇ ಎಂದು ನೋಡಿ ಹೋಗುತ್ತಿದ್ದೆ. "ನಾನು ಬಂದಾಗ ನನ್ ಜಾಗ ಇರ್ಬೇಕು ಕಣೇ. ವರ್ಷವೆಲ್ಲಾ ಕೆಂಪು ಧೂಳು ತಿನ್ನೋನಿಗೆ ಅಷ್ಟೂ ಬೇಡ್ವಾ?" ಎಂದು ನೀನು ಅಂದಿದ್ದೆ. ಬೇಕು ಎಂದು ನನಗೂ ಅನ್ನಿಸಿತ್ತು. ಜಾಗವನ್ನು ನಿನ್ನ ಕ್ರಮದಲ್ಲೇ ಆರಿಸಿದೆ. ಮೊದಲು ತಲೆ ಎತ್ತಿ ನೋಡಿದೆ, ಏಕೆಂದರೆ ಈ ನೀಲಗಿರಿ ಮರಗಳು ಗಾಳಿಯೇ ಇಲ್ಲದ ದಿನವೂ ಕೊಂಬೆ ಬೀಳಿಸುತ್ತವೆ. ಆಮೇಲೆ ಬರೀ ನೆಲದ ಮೇಲೆ ಮಲಗಿ ಓರೆಯಿದೆಯೇ ಎಂದು ನೋಡಿದೆ. ಕೊನೆಗೆ ರಸ್ತೆಯವರೆಗೆ ನಡೆದುಹೋಗಿ ಹಿಂತಿರುಗಿ ನೋಡಿದೆ. "ರಸ್ತೇಲಿ ಹೋಗೋರ ಕಣ್ಣಿಗೆ ಬಿತ್ತು ಅಂದ್ರೆ ಅದು ಜಾಗಾನೇ ಅಲ್ಲ" ಎನ್ನುತ್ತಿದ್ದೆಯಲ್ಲ. ಎಲ್ಲ ಸರಿಯಾಗಿತ್ತು. ಹಸಿರು ಟಾರ್ಪಾಲು ಮಾತ್ರ ಸಿಗಲಿಲ್ಲ. ಮೂಲೆ ಹರಿದಿತ್ತೆಂದು ಬ್ರೀಯ ಹಳೆಯ ಹಳದಿ ಮಳೆಕೋಟಿನ ತುಂಡು ಹೊಲಿದು ತೇಪೆ ಹಾಕಿದ್ದೆನಲ್ಲ, ಅದೇ. ಶೆಡ್ಡನ್ನೆಲ್ಲ ತಲೆಕೆಳಗು ಮಾಡಿದೆ. ಫೋನಿನಲ್ಲಿ ಕೇಳಿದರೆ, "ಇಲಿ ಕಡ್ಕೊಂಡು ಹೋಗಿರ್ಬೇಕು" ಎಂದು ನೀನು ನಕ್ಕೆ. ನಾನೂ ನಕ್ಕೆ.

ಬುಧವಾರ ನೀನು ಮತ್ತೆ ಫೋನು ಮಾಡಿ, ರಜೆ ರದ್ದಾಯಿತು, ಯಂತ್ರ ಕೆಟ್ಟಿದೆ, ಯಾರನ್ನೂ ಬಿಡುತ್ತಿಲ್ಲ, ಆದರೆ ಸೋಮವಾರ ಹೇಗಾದರೂ ಬಂದೇ ಬರುತ್ತೇನೆ, ಡೇರೆ ಮಾತ್ರ ತೆಗೆಯಬೇಡ ಎಂದೆ. ತೆಗೆಯಲಿಲ್ಲ. ಗುರುವಾರ ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬಂದಿಳಿದೆ. ಅಂದು ಸಂಜೆ ಮಳೆ ಹನಿಯುತ್ತಿರುವಾಗ ಒಂದು ಪುಟ್ಟ ಕಾರು ಬಂದು ನಿಂತಿತು. ಎಳೆಯ ಗಂಡಹೆಂಡತಿ, ಹಿಂದೆ ಕೈಗೂಸು. ಎಲ್ಲಿ ಹೋದರೂ ಖಾಲಿ ಡೇರೆಗಳೇ, ಮನುಷ್ಯರಿಗೆ ಜಾಗವಿಲ್ಲ ಎಂದು ಆ ಹುಡುಗಿ ಸೋತ ದನಿಯಲ್ಲಿ ಹೇಳಿದಳು. ನಿನ್ನ ಡೇರೆಯನ್ನು ತೋರಿಸಿ, ಅದರಲ್ಲಿ ಯಾರಿದ್ದಾರೆ ಎಂದು ಕೇಳಿದಳು. ನನ್ನ ಗಂಡ ಬರುತ್ತಾರೆ ಎಂದೆ. ಇವತ್ತೇ ಬರುತ್ತಾರೆಯೇ ಎಂದು ಕೇಳಿದಳು. ಸೋಮವಾರ ಎಂದೆ. ಅವಳು ಮಗುವಿನ ಟೋಪಿ ಸರಿಮಾಡುತ್ತಾ, "ದೆವ್ವಕ್ಕೆ ಹಾಸಿಗೆ ಹಾಸಿಟ್ಟಿದ್ದೀರಾ. ಮಗೂಗೆ ಜಾಗ ಇಲ್ಲ. ಒಳ್ಳೇದಾಗ್ಲಿ ಬಿಡ್ರೀ" ಎಂದು ಹೇಳಿ ಹೋದಳು. ನನಗೆ ಮುಖಕ್ಕೆ ಹೊಡೆದಂತಾಯಿತು. ಆದರೂ ನಿನ್ನ ಕೆಂಪು ಧೂಳನ್ನು ನೆನೆದು ಡೇರೆ ಬಿಟ್ಟುಕೊಡಲಿಲ್ಲ. ಆ ಮಳೆ ಬೆಳಗಿನವರೆಗೂ ಹೊಡೆಯಿತು. ಟಾರ್ಪಾಲಿಲ್ಲದೆ ಮಕ್ಕಳ ಹಾಸಿಗೆ ಒದ್ದೆಯಾಗಿ ಬ್ರೀಗೆ ನೆಗಡಿ ಹತ್ತಿದ್ದು ಆಗಲೇ.

ನಿನ್ನೆ ನಿನ್ನ ಬ್ರೆಟ್ ಬಂದ. ನಿನ್ನ ಜೊತೆ ಅದೇ ಗಣಿಯಲ್ಲಿ, ಅದೇ ಪಾಳಿಯಲ್ಲಿ ದುಡಿಯುವ ಬ್ರೆಟ್. ಇವನಿಗೆ ಹೇಗೆ ರಜೆ ಸಿಕ್ಕಿತು ಎಂದು ನಾನು ಯೋಚಿಸುತ್ತಿರುವಾಗಲೇ ಅವನು ಗೂಟ ಹೊಡೆಯುತ್ತಾ ಅಲ್ಲಿಂದಲೇ ಕೂಗಿದ: "ಏನಮ್ಮಾ ಕೆರಿನ್, ಎಲ್ಲಿ ನಿನ್ ಗಂಡ? ಗುರುವಾರ ಒಂದೇ ವಿಮಾನದಲ್ಲಿ ಬಂದ್ವಲ್ಲಾ, ಇನ್ನೂ ಮಲಗಿದ್ದಾನಾ ಸೋಂಬೇರಿ?" ಅವನ ಹೆಂಡತಿ ಷೆರಿಲ್ ಅವನ ಕಾಲು ತುಳಿದಳು. ತುಳಿದದ್ದು ನನಗೆ ಕಾಣಿಸಿತು. ಪಾಪ, ಅವನು ಸುತ್ತಿಗೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟ. ಆಮೇಲೆ ನಾನೇ ಬಿಡಲಿಲ್ಲ. ನೀವೆಲ್ಲ ಹುಡುಗರು ಕರಾವಳಿಯ ಹಿನ್ನೀರಿಗೆ ಮೀನು ಹಿಡಿಯಲು ಹೋಗುವುದೆಂದು ಜನವರಿಯಲ್ಲೇ ಗೊತ್ತುಮಾಡಿಕೊಂಡಿದ್ದಿರಂತೆ. ಬ್ರೆಟ್‌ನನ್ನೂ ಕರೆದಿದ್ದಿರಂತೆ, ಷೆರಿಲ್ ಬಿಡಲಿಲ್ಲವಂತೆ. ಇಲ್ಲಿ ನಿನ್ನ ಡೇರೆ ಕಂಡು ನೀನೂ ಅಲ್ಲಿಗೆ ಹೋಗಲಿಲ್ಲವೆಂದುಕೊಂಡನಂತೆ. ಆಮೇಲೆ ನೀನು ಅಲ್ಲಿ ಬಿಯರ್ ಕುಡಿಯುತ್ತಾ ಅವನಿಗೆ ಕಳಿಸಿದ ಫೋಟೋ ಬಂದಾಗ ಅದನ್ನೂ ನನಗೆ ತೋರಿಸಿದ. ಜಾಗ ಚೆನ್ನಾಗಿದೆ ಗ್ಲೆನ್. ಗಾಳಿಗೆ ಬೆನ್ನು ಮಾಡಿದ್ದೀಯ, ಮೇಲೆ ಒಣಕೊಂಬೆಯಿಲ್ಲ, ನೀರು ಹರಿದುಹೋಗಲು ಇಳಿಜಾರಿದೆ. ನಿನ್ನ ತಲೆಯ ಮೇಲೆ ಹಸಿರು ಟಾರ್ಪಾಲು. ಮೂಲೆಯಲ್ಲಿ ಹಳದಿ ತೇಪೆ.

ಇನ್ನೊಬ್ಬ ಹೆಂಗಸಿದ್ದಿದ್ದರೆ ಅವಳ ಜುಟ್ಟು ಹಿಡಿದು ಜಗಳವಾಡಬಹುದಿತ್ತು, ಬಾಯಿ ತುಂಬ ಬೈಯಬಹುದಿತ್ತು. ಮೀನಿನ ಜೊತೆ ಏನು ಜಗಳವಾಡಲಿ? ನಮ್ಮನ್ನು ಬಿಟ್ಟು ಹೋದೆ ಎಂಬುದಕ್ಕಿಂತ, ಬಿಟ್ಟುಹೋಗಿಯೂ ನಿನ್ನ ಜಾಗಕ್ಕೆ ನನ್ನನ್ನು ಕಾವಲು ಕೂರಿಸಿದೆಯಲ್ಲ, ಅದು ಉರಿಯುತ್ತದೆ. ಅಲ್ಲಿ ಬೇಸರವಾದರೆ ಇಲ್ಲೊಂದು ಹಾಸಿಗೆ ಸಿದ್ಧವಿರಲಿ ಎಂದೇ? ಮದುವೆಯಾದ ಹೊಸದರಲ್ಲಿ ಇದೇ ತಿರುವಿನಲ್ಲಿ ನೀನು ನೆಲದ ಮೇಲೆ ಮಲಗಿ, ಪಕ್ಕ ತಟ್ಟಿ, "ಇಲ್ಲಿ ಸಮ ಇದೆ, ಬಾ" ಎಂದು ನನ್ನನ್ನು ಕರೆದಿದ್ದೆ. ಅವತ್ತು ನಾನು ಎಷ್ಟು ಸಂತೋಷಪಟ್ಟಿದ್ದೆ ಎಂದು ನೆನೆದರೆ ಈಗ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಕೂಪರ್ ನಿನ್ನೆ ಸಂಜೆ ಹಲ್ಲನ್ನು ಬ್ರೆಟ್‌ಗೆ ತೋರಿಸಿದ. ಬ್ರೆಟ್ ಅದನ್ನು ದೀಪಕ್ಕೆ ಹಿಡಿದು ತುಂಬ ಹೊತ್ತು ನೋಡಿ ಹೊಗಳಿದ.

ಇವತ್ತು ಬೆಳಿಗ್ಗೆ ಆ ಎಳೆಯ ದಂಪತಿಯನ್ನು ಹುಡುಕಿಕೊಂಡು ಹೋದೆ. ಶೌಚಾಲಯದ ಹಿಂದೆ, ರಾಡಿಯಲ್ಲಿ, ಕಾರಿನೊಳಗೇ ಮಲಗಿದ್ದರು. ನಾವು ಜಾಗ ಬಿಡುತ್ತಿದ್ದೇವೆ, ಬನ್ನಿ ಎಂದೆ. ಆ ಹುಡುಗಿ ಮೊದಲು ನಂಬಲಿಲ್ಲ. "ನಿಮ್ ದೆವ್ವ ಒಪ್ತಾ?" ಎಂದಳು. "ಅದು ಬೇರೆ ಕಡೆ ಮೀನು ಹಿಡೀತಿದೆ ಕಣಮ್ಮ" ಎಂದೆ. ಅವಳು ನಗಬೇಕೋ ಬೇಡವೋ ತಿಳಿಯದೆ ನನ್ನ ಕೈ ಹಿಡಿದುಕೊಂಡಳು. ಈಗ ನಾನಿದನ್ನು ಬರೆಯುತ್ತಿರುವಾಗ ಅವಳ ಗಂಡ ನಮ್ಮ ಡೇರೆ ಕಿತ್ತ ಸಮನೆಲದಲ್ಲಿ ಗೂಟ ಹೊಡೆಯುತ್ತಿದ್ದಾನೆ, ಮಗು ನಮ್ಮ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದೆ.

ಬೇಸಿಗೆ ಮುಗಿದು ಚಳಿ ಶುರುವಾಗುತ್ತಿದೆ, ಆರೋಗ್ಯ ನೋಡಿಕೋ. ನಿನ್ನ ಗೆಳೆಯರಿಗೆಲ್ಲ ನನ್ನ ನೆನಪು ಹೇಳು. ಮಕ್ಕಳ ಮುತ್ತುಗಳನ್ನು ಕಳಿಸುತ್ತಿದ್ದೇನೆ, ಅವರ ತಪ್ಪೇನೂ ಇಲ್ಲವಲ್ಲ. ನನ್ನದು ಇಲ್ಲ.

ಕೆರಿನ್

ಮರೆತಿದ್ದೆ: ಇದನ್ನು ಅಂಚೆಗೆ ಹಾಕುತ್ತಿಲ್ಲ, ನಿನ್ನ ಡೇರೆಯೊಳಗೆ ಕಟ್ಟಿಟ್ಟು ಹೋಗುತ್ತಿದ್ದೇನೆ. ಬ್ರೆಟ್ ಹೇಗೂ ನಿನಗೆ ಸುದ್ದಿ ಮುಟ್ಟಿಸುತ್ತಾನೆ, ನೀನು ಎದ್ದುಬಿದ್ದು ಬರುತ್ತೀಯ. ಬಂದವನು ಡೇರೆ ಬಿಚ್ಚಿಕೊಂಡು ಹೋಗು. ಇನ್ನು ಇಲ್ಲಿಯೂ, ಮನೆಯಲ್ಲಿಯೂ ನಿನ್ನ ಜಾಗ ನಾನು ಹಿಡಿದಿಡುವುದಿಲ್ಲ. ನಾವು ಈ ಕಾಡಿನಲ್ಲೇ ಬೇರೆ ಕಡೆ ಇರುತ್ತೇವೆ, ಹುಡುಕಬೇಡ, ಸಿಗುವುದಿಲ್ಲ. ಬ್ರೀ ಆರಿಸಿದ ಜಾಗ ಅದು. ಮೊದಲು ಮೇಲೆ ನೋಡಿದಳು, ನೆಲದ ಮೇಲೆ ಮಲಗಿ ನೋಡಿದಳು, ಆಮೇಲೆ ಸೀನುತ್ತಾ ರಸ್ತೆಯವರೆಗೆ ಓಡಿಹೋಗಿ ತಿರುಗಿ ನಿಂತು ಕೂಗಿದಳು: "ಇಲ್ಲಿಂದ ಕಾಣಲ್ಲಮ್ಮಾ, ಅಪ್ಪಂಗೂ ಕಾಣಲ್ಲ!"